ದ್ವೇಷದ ಗುಂಪುಗಳ ವಿರುದ್ಧ ಹ್ಯಾಕರ್‌ಗಳು: ಹುಬ್ಬಳ್ಳಿ–ಧಾರವಾಡದ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ವಿದ್ಯಾನಗರದ ಕಾಲೇಜಿರಲಿ, ಗದಗ–ಹಾವೇರಿಯ ಕಾಲೇಜಿರಲಿ, ಸೈಬರ್ ಸುರಕ್ಷತೆಯ ಬಗ್ಗೆ ಮಾತಾಡಲು ಹೋದರೆ ಪಾಸ್‌ವರ್ಡ್, ಓಟಿಪಿ ವಿಷಯ ಬೇಗ ಮುಗಿಯುತ್ತದೆ. ಆಮೇಲೆ ಯಾರಾದರೂ ಕೈ ಎತ್ತುತ್ತಾರೆ. "ಸರ್, ಅನಾನಿಮಸ್‌ನವರು ಉಗ್ರರ ಅಕೌಂಟ್ ಹ್ಯಾಕ್ ಮಾಡ್ತಾರಲ್ರೀ, ನಾವೂ ಮಾಡಬಹುದಾ?" ಹೀಗೆ ಕೇಳುವವರ ಮೇಲೆ ನನಗೆ ಪ್ರೀತಿ ಇದೆ. ದ್ವೇಷ ಕಂಡು ಸುಮ್ಮನೆ ಕೂರಲಾಗದ ಮನಸ್ಸು ಅದು. ಅದಕ್ಕೇ ಬೇಡ ಎಂಬ ಒಂದು ಮಾತಿನಲ್ಲಿ ಮುಗಿಸದೆ, ಗೊತ್ತಿರುವುದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಹ್ಯಾಕ್ಟಿವಿಸ್ಟ್ ಅಂದರೆ ಯಾರು? ಸೈಬರ್ ಕಳ್ಳರಿಗೂ ಅವರಿಗೂ ಏನು ವ್ಯತ್ಯಾಸ?

ಕಳ್ಳನಿಗೆ ಬೇಕಾಗಿದ್ದು ನಿಮ್ಮ ದುಡ್ಡು. ಹ್ಯಾಕ್ಟಿವಿಸ್ಟ್ ಒಂದು ವಿಚಾರಕ್ಕಾಗಿ ಕಂಪ್ಯೂಟರ್ ಮುಂದೆ ಕೂರುತ್ತಾನೆ. ಇವರಲ್ಲಿ ಎಲ್ಲರಿಗಿಂತ ಹೆಸರಾದವರು ಅನಾನಿಮಸ್. 2003ರಲ್ಲಿ ಶುರುವಾದ ಫೋರ್‌ಚಾನ್ ಎಂಬ ತಾಣದ ತರಲೆ ಹುಡುಗರ ನಡುವೆ ಹುಟ್ಟಿದ ಹೆಸರು ಅದು. 2008ರಲ್ಲಿ ಸೈಂಟಾಲಜಿ ಎಂಬ ಪಂಥದ ವಿರುದ್ಧ ಬೀದಿಗೂ ಇಳಿದರು. ಆ ನಗುಮುಖದ, ಚೂಪು ಮೀಸೆಯ ಗೈ ಫಾಕ್ಸ್ ಮುಖವಾಡ ಜನರ ಮನಸ್ಸಿನಲ್ಲಿ ಕೂತಿದ್ದು ಆಗ.

ಒಂದು ಸಂಗತಿ ನೆನಪಿಡಿ. ಅನಾನಿಮಸ್‌ಗೆ ಕಚೇರಿ ಇಲ್ಲ, ಸದಸ್ಯರ ಪಟ್ಟಿ ಇಲ್ಲ, ಅಧ್ಯಕ್ಷ ಇಲ್ಲ. ಯಾರು ಬೇಕಾದರೂ ಮುಖವಾಡ ಹಾಕಿಕೊಂಡು "ನಾವು ಅನಾನಿಮಸ್" ಅಂತ ವಿಡಿಯೊ ಬಿಡಬಹುದು. ಅವರ ಶಕ್ತಿ ಇದೇ. ಮುಂದೆ ಹೇಳುವ ಅನಾಹುತಗಳ ಬೇರೂ ಇದೇ.

ಉಗ್ರ ಸಂಘಟನೆಗಳ ವಿರುದ್ಧ ಅವರು ನಿಜವಾಗಿ ಏನು ಮಾಡಿದ್ದಾರೆ?

2015ರ ಜನವರಿ 7ರಂದು ಪ್ಯಾರಿಸ್‌ನ ಶಾರ್ಲಿ ಹೆಬ್ಡೊ ವಾರಪತ್ರಿಕೆಯ ಕಚೇರಿಗೆ ನುಗ್ಗಿದ ಬಂದೂಕುಧಾರಿಗಳು 12 ಜನರನ್ನು ಕೊಂದರು. ಜಿಹಾದಿ ಜಾಲತಾಣಗಳನ್ನು ಬಿಡುವುದಿಲ್ಲ ಎಂದು ಅನಾನಿಮಸ್ ಘೋಷಿಸಿತು. ಅದೇ ವರ್ಷ ನವೆಂಬರ್ 13ರಂದು ಪ್ಯಾರಿಸ್‌ನಲ್ಲಿ ಮತ್ತೆ ದಾಳಿಯಾಗಿ 130 ಜನ ಸತ್ತಾಗ "ಆಪ್ ಪ್ಯಾರಿಸ್" ಎಂಬ ಅವರ ಕಾರ್ಯಾಚರಣೆ ಶುರುವಾಯಿತು. ಐಸಿಸ್ ಬೆಂಬಲಿಗರದು ಎನ್ನಲಾದ ಸಾವಿರಾರು ಟ್ವಿಟರ್ ಖಾತೆಗಳ ಪಟ್ಟಿ ಹೊರಬಂತು. ಜನ ಸೇರಿ ರಿಪೋರ್ಟ್ ಮಾಡತೊಡಗಿದರು.

2016ರ ಜೂನ್ 12ರಂದು ಅಮೆರಿಕದ ಒರ್ಲ್ಯಾಂಡೊದಲ್ಲಿ ಸಲಿಂಗಿಗಳ ಕ್ಲಬ್ ಒಂದರಲ್ಲಿ 49 ಜನರ ಕೊಲೆಯಾಯಿತು. ಆಮೇಲೆ ವಾಚುಲಾ ಘೋಸ್ಟ್ ಎಂಬ ಹೆಸರಿನ ಹ್ಯಾಕರ್ ಐಸಿಸ್ ಬೆಂಬಲಿಗರ ಖಾತೆಗಳೊಳಗೆ ನುಗ್ಗಿ ಕಾಮನಬಿಲ್ಲಿನ ಬಣ್ಣದ ಬಾವುಟ ಹಾಕಿದ. ಕಪ್ಪು ಬಾವುಟ, ಕತ್ತಿ, ಸಿಂಹದ ಚಿತ್ರ ಇದ್ದ ಜಾಗದಲ್ಲಿ ಅದು ಬಂತು. ತಮ್ಮನ್ನು ಮುಟ್ಟುವವರೇ ಇಲ್ಲ ಎಂದು ಮೆರೆಯುತ್ತಿದ್ದವರ ಮಾನ ಹೋಯಿತು.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಇರಾಕಿನ ಯುವಕರ ಗುಂಪು, ದಾಯೆಶ್‌ಗ್ರಾಮ್. ಐಸಿಸ್‌ನ ಹಿಂಸೆಯನ್ನು ತಮ್ಮದೇ ನೆಲದಲ್ಲಿ ಕಂಡವರು ಇವರು. 2017ರ ಹೊತ್ತಿಗೆ ಐಸಿಸ್‌ನ ಸುದ್ದಿ ಸಂಸ್ಥೆ ಅಮಾಕ್‌ನ ಹೆಸರಿನಲ್ಲಿ, ಅದೇ ಅಕ್ಷರ, ಅದೇ ವಿನ್ಯಾಸದಲ್ಲಿ ನಕಲಿ ಸಾಮಗ್ರಿ ಹರಡಿದರು. ಅಸಲಿ ಯಾವುದು, ನಕಲಿ ಯಾವುದು ಅಂತ ಐಸಿಸ್ ಬೆಂಬಲಿಗರಿಗೇ ಗೊಂದಲ. ತಮ್ಮದೇ ಚಾನೆಲ್ ನಂಬಲಾಗದ ಸ್ಥಿತಿ ಅವರಿಗೆ ಬಂತು.

ಇನ್ನು ಕು ಕ್ಲಕ್ಸ್ ಕ್ಲಾನ್. ಅಮೆರಿಕದ ಅಂತರ್ಯುದ್ಧ ಮುಗಿದ 1865ರಲ್ಲಿ ಹುಟ್ಟಿದ, ಕಪ್ಪು ಜನರನ್ನು ಬೆದರಿಸಿ ಕೊಂದ ಬಿಳಿಯರ ಸಂಘಟನೆ. 2014ರ ನವೆಂಬರ್‌ನಲ್ಲಿ ಪೊಲೀಸರ ಗುಂಡಿಗೆ ಕಪ್ಪು ಯುವಕನೊಬ್ಬ ಸತ್ತದ್ದನ್ನು ವಿರೋಧಿಸುತ್ತಿದ್ದ ಅಮೆರಿಕದ ಫರ್ಗ್ಯುಸನ್ ಊರಿನ ಪ್ರತಿಭಟನಾಕಾರರಿಗೆ ಕ್ಲಾನ್ ಬೆದರಿಕೆ ಹಾಕಿತು. ಅನಾನಿಮಸ್ ಅದರ ಟ್ವಿಟರ್ ಖಾತೆಯನ್ನೇ ವಶಕ್ಕೆ ತೆಗೆದುಕೊಂಡಿತು. ಮರುವರ್ಷ ನವೆಂಬರ್ 5ರಂದು ಕ್ಲಾನ್ ಸದಸ್ಯರು, ಬೆಂಬಲಿಗರು ಎನ್ನಲಾದ ಸುಮಾರು 350 ಹೆಸರುಗಳನ್ನು ಪ್ರಕಟಿಸಿತು.

ಇದರಿಂದ ಐಸಿಸ್‌ಗೆ ಪೆಟ್ಟು ಬಿತ್ತಾ?

ಬಿತ್ತು. ಆದರೆ ದೊಡ್ಡ ಪೆಟ್ಟು ಕೊಟ್ಟವರು ಬೇರೆ. 2014ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ನಡುವೆ ಐಸಿಸ್ ಬೆಂಬಲಿಗರ ಕನಿಷ್ಠ 46,000 ಟ್ವಿಟರ್ ಖಾತೆಗಳು ಇದ್ದವು ಎಂದು ಅಮೆರಿಕದ ಸಂಶೋಧನಾ ಸಂಸ್ಥೆ ಬ್ರೂಕಿಂಗ್ಸ್‌ನ ಅಧ್ಯಯನ ಅಂದಾಜು ಮಾಡಿತ್ತು. 2015ರ ಮಧ್ಯದಿಂದ 1,25,000ಕ್ಕೂ ಹೆಚ್ಚು ಖಾತೆ ಮುಚ್ಚಿದ್ದೇವೆ ಎಂದು ಟ್ವಿಟರ್ 2016ರ ಫೆಬ್ರವರಿಯಲ್ಲಿ ಹೇಳಿತು. ಆಗಸ್ಟ್‌ಗೆ ಇನ್ನೂ 2,35,000 ಸೇರಿತು. ಕಂಪನಿ ಮನಸ್ಸು ಮಾಡಿದ್ದರಿಂದ ಆದ ಕೆಲಸ ಇದು. ಹ್ಯಾಕರ್‌ಗಳು ಗದ್ದಲ ಎಬ್ಬಿಸಿ ಕಂಪನಿಗೆ ನಾಚಿಕೆ ತರಿಸಿದರು, ಅಷ್ಟು ಪಾಲು ಅವರಿಗೆ ಸಲ್ಲಬೇಕು.

ಟ್ವಿಟರ್ ಬಿಟ್ಟವರು ಟೆಲಿಗ್ರಾಂಗೆ ಹೋದರು. 2015ರ ನವೆಂಬರ್‌ನಲ್ಲಿ ಟೆಲಿಗ್ರಾಂ 78 ಚಾನೆಲ್ ಮುಚ್ಚಿತು. ಅವರು ಹೊಸವು ತೆರೆದರು. 2019ರ ನವೆಂಬರ್‌ನಲ್ಲಿ ಯುರೋಪಿನ ದೇಶಗಳ ಪೊಲೀಸ್ ಸಂಸ್ಥೆ ಯೂರೋಪೋಲ್ ಜೊತೆ ಸೇರಿ ಟೆಲಿಗ್ರಾಂ ದೊಡ್ಡ ಮಟ್ಟದಲ್ಲಿ ಸ್ವಚ್ಛ ಮಾಡಿದಾಗ ನಿಜವಾಗಿ ತೊಂದರೆಯಾಯಿತು.

"ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಏಳ್ತಾರೆ, ಹಾಗಾದ್ರೆ ಏನು ಉಪಯೋಗ?" ಅಂತ ಕೇಳುತ್ತಾರೆ. ಉಪಯೋಗ ಇದೆ. ಬಯಲಲ್ಲಿ ಇದ್ದಾಗ ಸುಮ್ನೆ ಸ್ಕ್ರೋಲ್ ಮಾಡುವ ಹದಿನಾರರ ಹುಡುಗನ ಕಣ್ಣಿಗೂ ಅದು ಬೀಳುತ್ತದೆ. ಮೂಲೆಗೆ ಹೋದರೆ ಹುಡುಕಿಕೊಂಡು ಹೋದವರಿಗೆ ಮಾತ್ರ ಸಿಗುತ್ತದೆ. ಪೊಲೀಸರಿಗೆ ನಿಗಾ ಇಡುವುದು ಕಷ್ಟ ಆಗುತ್ತದೆ ಎಂಬ ವಾದವೂ ಇದೆ, ಅದರಲ್ಲೂ ಹುರುಳಿದೆ. ಆದರೂ ಹೊಸ ಹುಡುಗರನ್ನು ಸೆಳೆಯುವ ಬಾಗಿಲು ಮುಚ್ಚುವುದೇ ಮುಖ್ಯ ಎಂದು ನನಗನ್ನಿಸುತ್ತದೆ.

ಕೆಟ್ಟವರ ಹೆಸರು ಬಯಲು ಮಾಡಿದರೆ ತಪ್ಪೇನು?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

2014ರ ಆಗಸ್ಟ್ 9ರಂದು ಫರ್ಗ್ಯುಸನ್‌ನಲ್ಲಿ ಪೊಲೀಸರ ಗುಂಡಿಗೆ ಒಬ್ಬ ಕಪ್ಪು ಯುವಕ ಸತ್ತ. ಗುಂಡು ಹಾರಿಸಿದವನ ಹೆಸರನ್ನು ಪೊಲೀಸರು ಹೇಳಲಿಲ್ಲ. ಅನಾನಿಮಸ್ ಹೆಸರಿನ ಒಂದು ಖಾತೆ ತಾನೇ ಹೆಸರು, ಫೋಟೊ ಪ್ರಕಟಿಸಿತು. ಅದು ತಪ್ಪು ವ್ಯಕ್ತಿ. ಆತ ಆ ಊರಿನ ಪೊಲೀಸ್ ಅಧಿಕಾರಿಯೇ ಆಗಿರಲಿಲ್ಲ.

2015ರಲ್ಲಿ ಕ್ಲಾನ್ ಪಟ್ಟಿ ಬರುವ ಮೊದಲೇ ಇನ್ಯಾರೋ ಇನ್ನೊಂದು ಪಟ್ಟಿ ಹರಿಬಿಟ್ಟರು. ಅದರಲ್ಲಿ ಅಮೆರಿಕದ ಸೆನೆಟರ್‌ಗಳು, ಮೇಯರ್‌ಗಳು ಇದ್ದರು. ಅವರು ನಿರಾಕರಿಸಿದರು, ಅನಾನಿಮಸ್‌ನ ಮುಖ್ಯ ಖಾತೆಯೇ "ಇದು ನಮ್ಮದಲ್ಲ" ಎಂದಿತು. ಅಷ್ಟರಲ್ಲಿ ಸುದ್ದಿ ಊರೆಲ್ಲ ಸುತ್ತಿತ್ತು. ಆಪ್ ಪ್ಯಾರಿಸ್ ಪಟ್ಟಿಯಲ್ಲೂ ಪತ್ರಕರ್ತರು, ಸಂಶೋಧಕರು ತುಂಬಿದ್ದಾರೆ ಎಂದು ಟ್ವಿಟರ್ ಹೇಳಿತು. ಐಸಿಸ್ ಬಗ್ಗೆ ಬರೆಯುವವರು, ಅರಬ್ಬಿಯಲ್ಲಿ ಮಾತಾಡುವವರು ಕೂಡ ಪಟ್ಟಿಗೆ ಬಿದ್ದಿದ್ದರು.

ಇದಕ್ಕಿಂತ ಘೋರವಾದದ್ದು 2013ರ ಬಾಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟದ ನಂತರ ನಡೆಯಿತು. ರೆಡ್ಡಿಟ್‌ನಲ್ಲಿ ಸಾವಿರಾರು ಜನ ಫೋಟೊ ಹೋಲಿಸಿ ಹೋಲಿಸಿ, ಕಾಣೆಯಾಗಿದ್ದ ಒಬ್ಬ ವಿದ್ಯಾರ್ಥಿಯೇ ಬಾಂಬ್ ಇಟ್ಟವನು ಅಂತ ತೀರ್ಮಾನಿಸಿದರು. ಮಗ ಎಲ್ಲಿದ್ದಾನೋ ಎಂದು ಕಂಗಾಲಾಗಿದ್ದ ಮನೆಯವರಿಗೆ ಬೈಗುಳದ ಕರೆಗಳು ಬಂದವು. ಆ ಹುಡುಗನಿಗೂ ಸ್ಫೋಟಕ್ಕೂ ಸಂಬಂಧವೇ ಇರಲಿಲ್ಲ. ಕೆಲ ದಿನಗಳ ಮೇಲೆ ನದಿಯಲ್ಲಿ ಅವನ ಶವ ಸಿಕ್ಕಿತು.

ನಮ್ಮಲ್ಲೂ ಇದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಮಕ್ಕಳ ಕಳ್ಳ ಎಂದು ಜನ ಹೊಡೆದು ಕೊಂದರು. ಅಲ್ಲಿ ಹ್ಯಾಕರ್ ಯಾರೂ ಇರಲಿಲ್ಲ, ವಾಟ್ಸ್‌ಆ್ಯಪ್ ಇತ್ತು. ಒಬ್ಬನ ಮುಖವನ್ನು ಅಪರಾಧಿಯ ಮುಖ ಎಂದು ತೋರಿಸಿ ಜನರ ಕೈಗೆ ಕೊಡುವುದು ಎಂಥ ಕೆಲಸ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹುಬ್ಬಳ್ಳಿಯಂಥ ಊರಲ್ಲಿ ಅಪಾಯ ಇನ್ನೂ ಜಾಸ್ತಿ. ಇಲ್ಲಿ ಒಂದು ಅಡ್ಡಹೆಸರು ಹೇಳಿದರೆ ಓಣಿ ಗೊತ್ತಾಗುತ್ತದೆ, ಅಂಗಡಿ ಗೊತ್ತಾಗುತ್ತದೆ, ಜಾತಿ–ಧರ್ಮ ಗೊತ್ತಾಗುತ್ತದೆ. ಅದೇ ಹೆಸರಿನ ಇನ್ನೊಬ್ಬರು ಪಕ್ಕದ ಓಣಿಯಲ್ಲೇ ಇರುತ್ತಾರೆ. ನೀವು ಆಮೇಲೆ ಪೋಸ್ಟ್ ಅಳಿಸಬಹುದು. ಅಷ್ಟರಲ್ಲಿ ಜನ ಅವರ ಮನೆ ಬಾಗಿಲಿಗೆ ಬಂದಿರುತ್ತಾರೆ.

ಹಾಗಾದರೆ ಹ್ಯಾಕರ್‌ಗಳಿಂದ ಒಳ್ಳೆಯದು ಆಗಿಯೇ ಇಲ್ಲವಾ?

ಆಗಿದೆ. ಆದ ಕಡೆಯೆಲ್ಲ ನೋಡಿದರೆ ಒಂದು ಸಾಮ್ಯ ಕಾಣುತ್ತದೆ. ಯಾವುದನ್ನೋ ಮುಚ್ಚಿಸಿದ್ದಕ್ಕಿಂತ ಯಾವುದನ್ನೋ ಉಳಿಸಿಕೊಂಡದ್ದು ಕೆಲಸಕ್ಕೆ ಬಂದಿದೆ. ಅಂದರೆ, ಸಾಕ್ಷ್ಯ.

ಐರನ್ ಮಾರ್ಚ್ ಎಂಬ ನವನಾಜಿಗಳ ತಾಣ 2011ರಿಂದ 2017ರವರೆಗೆ ನಡೆಯಿತು. ಆಟಂವಾಫೆನ್ ಎಂಬ ಕೊಲೆಗಡುಕ ಗುಂಪು ರೂಪುಗೊಂಡದ್ದು ಅಲ್ಲೇ. 2019ರ ನವೆಂಬರ್‌ನಲ್ಲಿ ಯಾರೋ ಅದರ ಪೂರ್ತಿ ಡೇಟಾಬೇಸ್ ಹೊರಗೆ ಹಾಕಿದರು. ಇಮೇಲ್, ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ), ಖಾಸಗಿ ಸಂದೇಶ ಎಲ್ಲ. ಸಂಶೋಧಕರು, ಪತ್ರಕರ್ತರು ಕೂತು ಒಂದೊಂದನ್ನೂ ತಾಳೆ ಹಾಕಿದರು. ಸೇನೆಯಲ್ಲಿದ್ದ ಕೆಲವರೂ ಸಿಕ್ಕಿಬಿದ್ದರು.

2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನಕ್ಕೆ ಗುಂಪು ನುಗ್ಗಿತು. ಆಮೇಲೆ ಪಾರ್ಲರ್ ಎಂಬ ತಾಣ ಮುಚ್ಚುವ ಸ್ವಲ್ಪ ಮೊದಲು ಒಬ್ಬ ಮಹಿಳಾ ಹ್ಯಾಕರ್ ಮತ್ತು ಗೆಳೆಯರು ಅಲ್ಲಿನ ಬಹುತೇಕ ಎಲ್ಲ ಪೋಸ್ಟ್, ವಿಡಿಯೊ ಇಳಿಸಿಕೊಂಡರು. ತಾಂತ್ರಿಕವಾಗಿ ಇದು ಒಳನುಗ್ಗಿದ್ದಲ್ಲ. ಪೋಸ್ಟ್‌ಗಳಿಗೆ ಸಾಲಾಗಿ ಸಂಖ್ಯೆ ಕೊಟ್ಟಿದ್ದರು, ನೋಡಲು ಲಾಗಿನ್ ಬೇಕಿರಲಿಲ್ಲ, ಒಂದಾದ ಮೇಲೊಂದು ತೆಗೆಯುತ್ತ ಹೋದರು. ವಿಡಿಯೊ ಯಾವ ಜಾಗದಲ್ಲಿ ತೆಗೆದದ್ದು ಎಂಬ ಜಿಪಿಎಸ್ ಗುರುತನ್ನೂ ಆ ತಾಣ ಅಳಿಸಿರಲಿಲ್ಲ.

ಇನ್ನೊಂದು ಪ್ರಕರಣ ನನಗೆ ಬಹಳ ಮುಖ್ಯ. 2017ರ ಆಗಸ್ಟ್ 12ರಂದು ಅಮೆರಿಕದ ಷಾರ್ಲಟ್ಸ್‌ವಿಲ್ ಊರಿನಲ್ಲಿ ಬಿಳಿ ಜನಾಂಗವಾದಿಗಳು ಮೆರವಣಿಗೆ ಮಾಡಿದರು. ಅವರಲ್ಲೊಬ್ಬ ವಿರೋಧಿಗಳ ಗುಂಪಿನ ಮೇಲೆ ಕಾರು ಹತ್ತಿಸಿ ಹೆದರ್ ಹೇಯರ್ ಎಂಬ ಹೆಣ್ಣುಮಗಳನ್ನು ಕೊಂದ. ಸಂಚು ನಡೆದದ್ದು ಡಿಸ್ಕಾರ್ಡ್ ಎಂಬ ಚಾಟ್ ಆ್ಯಪಿನಲ್ಲಿ. ಆ ಮಾತುಕತೆ ಹೊರಬಂತು, ಯೂನಿಕಾರ್ನ್ ರಯಟ್ ಎಂಬ ಸುದ್ದಿ ಸಂಸ್ಥೆ ಪ್ರಕಟಿಸಿತು. ಗಾಯಗೊಂಡವರು ಹೂಡಿದ ಸಿವಿಲ್ ದಾವೆಯಲ್ಲಿ ಡಿಸ್ಕಾರ್ಡ್‌ನ ಸಂದೇಶಗಳೇ ದೊಡ್ಡ ಸಾಕ್ಷ್ಯವಾದವು. 2021ರ ನವೆಂಬರ್‌ನಲ್ಲಿ 2.5 ಕೋಟಿ ಡಾಲರ್‌ಗೂ ಹೆಚ್ಚು ಪರಿಹಾರ ಕೊಡಬೇಕೆಂದು ಜ್ಯೂರಿ ಹೇಳಿತು. ಮೊತ್ತದ ಮೇಲೆ ಆಮೇಲೂ ಕಾನೂನು ಜಗ್ಗಾಟ ನಡೆಯಿತು. ಆದರೆ ಆ ಮೆರವಣಿಗೆಯ ಮುಖಂಡರ ಸಂಘಟನೆಗಳು ಸೊರಗಿದವು.

ಇದೆಲ್ಲ ಹೊರದೇಶದ ಕಥೆ. ನಮ್ಮ ಹುಬ್ಬಳ್ಳಿ–ಧಾರವಾಡಕ್ಕೆ ಏನು ಸಂಬಂಧ?

2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣ ನಗರದಲ್ಲಿ ಎಂ.ಎಂ. ಕಲಬುರ್ಗಿ ಅವರನ್ನು ಅವರ ಮನೆಯಲ್ಲೇ ಗುಂಡಿಕ್ಕಿ ಕೊಂದರು. ಶಾಸನ, ವಚನ ಎಂದು ಬದುಕೆಲ್ಲ ಓದಿ ಬರೆದ ಹಿರಿಯರು. ಅವರ ಮಾತು ಹಿಡಿಸದವರು ಮೊದಲಿಂದಲೂ ಇದ್ದರು, ವಾದ ಮಾಡುವುದು ಅವರ ಹಕ್ಕು. ಆದರೆ ಆ ಸಾವನ್ನು ಟ್ವಿಟರ್‌ನಲ್ಲಿ ಸಂಭ್ರಮಿಸಿದವರೂ ಇದ್ದರು. ಧಾರವಾಡದವರು ಅದನ್ನು ಮರೆಯಬಾರದು.

2022ರ ಏಪ್ರಿಲ್ 16ರ ರಾತ್ರಿ ಹಳೇ ಹುಬ್ಬಳ್ಳಿ ಠಾಣೆ ಮುಂದೆ ಏನಾಯಿತು, ನಿಮಗೇ ಗೊತ್ತು. ಒಬ್ಬ ಹುಡುಗ ಹಾಕಿದ ಒಂದು ವಾಟ್ಸ್‌ಆ್ಯಪ್ ಸ್ಟೇಟಸ್. ರಾತ್ರಿ ಆಗುವಷ್ಟರಲ್ಲಿ ಕಲ್ಲು ತೂರಾಟ, ಗಾಯಗೊಂಡ ಪೊಲೀಸರು, ಜಖಂ ಆದ ವಾಹನಗಳು. ಆಮೇಲೆ ನೂರಕ್ಕೂ ಹೆಚ್ಚು ಜನರ ಬಂಧನ. ಎಷ್ಟು ಮನೆಗಳ ದುಡಿಯುವ ಕೈ ಜೈಲಿಗೆ, ಕೋರ್ಟಿಗೆ ಅಲೆದವು ನೋಡಿ.

ಬೆಂಗಳೂರಿನಲ್ಲಿ 2012ರ ಆಗಸ್ಟ್‌ನಲ್ಲಿ ಸುಳ್ಳು ಸಂದೇಶ ನಂಬಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿ ರೈಲು ಹತ್ತಿದ್ದರು. ಐಸಿಸ್ ಪ್ರಚಾರದಲ್ಲಿ ಹೆಸರಾಗಿದ್ದ "ಶಮಿ ವಿಟ್ನೆಸ್" ಎಂಬ ಟ್ವಿಟರ್ ಖಾತೆಯೂ ಬೆಂಗಳೂರಿನಿಂದಲೇ ನಡೆಯುತ್ತಿತ್ತು. ಅದನ್ನು 2014ರ ಡಿಸೆಂಬರ್‌ನಲ್ಲಿ ಪತ್ತೆ ಹಚ್ಚಿದ್ದು ಬ್ರಿಟನ್ನಿನ ಚಾನೆಲ್ 4 ಸುದ್ದಿಯ ಪತ್ರಕರ್ತರು. ಕೆಲವೇ ದಿನಗಳಲ್ಲಿ ಬಂಧನ ಆಯಿತು.

ಒಂದು ಟೂಲ್ ಓಪನ್ ಮಾಡಿ ಲಿಂಕ್ ಹಾಕಿದರೆ ಅವರ ಸೈಟ್ ಬೀಳುತ್ತದಂತೆ. ಅದರಲ್ಲೇನು ಅಪಾಯ?

ಅದಕ್ಕೆ ಡಿಡಾಸ್ ಎನ್ನುತ್ತಾರೆ. ದುರ್ಗದ ಬೈಲಿನ ಒಂದು ಅಂಗಡಿ ಮುಂದೆ ಏನೂ ಕೊಳ್ಳದ ಸಾವಿರ ಜನ ಹೋಗಿ ನಿಂತರೆ ನಿಜವಾದ ಗಿರಾಕಿಗೆ ಒಳಗೆ ಹೋಗಲು ದಾರಿ ಇರುವುದಿಲ್ಲವಲ್ಲ, ಹಾಗೆ. ಸರ್ವರ್ ಒಡೆಯುವುದಿಲ್ಲ, ಉಸಿರುಗಟ್ಟುತ್ತದೆ. ಸ್ವಲ್ಪ ಹೊತ್ತಿನ ನಂತರ ಮತ್ತೆ ಎದ್ದು ಕೂರುತ್ತದೆ. ಸಾಧಿಸಿದ್ದು ಇಷ್ಟೇ.

2010ರಲ್ಲಿ ಅನಾನಿಮಸ್ ಹಣ ಪಾವತಿ ಕಂಪನಿಗಳಾದ ಪೇಪಾಲ್, ವೀಸಾ, ಮಾಸ್ಟರ್‌ಕಾರ್ಡ್ ಮೇಲೆ ಹೀಗೇ ದಾಳಿ ಮಾಡಿತು. ಎಲ್‌ಒಐಸಿ ಎಂಬ ಟೂಲ್ ಹಂಚಿದರು. ಅದು ಬಳಸಿದವರ ಐಪಿ ವಿಳಾಸವನ್ನು ಮುಚ್ಚಿಡುತ್ತಿರಲಿಲ್ಲ. ಯಾರು ಯಾರು ಬಟನ್ ಒತ್ತಿದರು ಎಂಬುದೆಲ್ಲ ಎದುರಿನ ಸರ್ವರ್‌ನಲ್ಲಿ ದಾಖಲಾಯಿತು. ಮರುವರ್ಷ ಅಮೆರಿಕದಲ್ಲಿ 14 ಜನರ ಮೇಲೆ ಪೇಪಾಲ್ ದಾಳಿಯ ಕೇಸ್ ಬಿತ್ತು. ಟೂಲ್ ಹಂಚಿ "ಬನ್ನಿ ಬನ್ನಿ" ಎಂದವರು ಆ ಹೊತ್ತಿಗೆ ಇವರ ನೆರವಿಗೆ ಬರಲಿಲ್ಲ.

ಉದ್ದೇಶ ಒಳ್ಳೆಯದಿದ್ದರೂ ಕೇಸ್ ಆಗುತ್ತದಾ?

ಆಗುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 43 ನೋಡಿ. ಒಡೆಯನ ಅನುಮತಿ ಇಲ್ಲದೆ ಕಂಪ್ಯೂಟರ್ ಒಳಗೆ ಹೋಗುವುದು, ಡೇಟಾ ಇಳಿಸಿಕೊಳ್ಳುವುದು, ಸೇವೆ ಸಿಗದಂತೆ ಮಾಡುವುದು, ಎಲ್ಲವೂ ಅದರಲ್ಲಿ ಬರುತ್ತವೆ. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದರೆ ಸೆಕ್ಷನ್ 66ರಡಿ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಥವಾ ಎರಡೂ. ಬೇರೆಯವರ ಪಾಸ್‌ವರ್ಡ್ ಬಳಸಿದರೆ 66ಸಿ. ಹೆಸರು ಹಾಕಿ ಅಪರಾಧಿ ಎಂದು ಸಾರಿದರೆ ಭಾರತೀಯ ನ್ಯಾಯ ಸಂಹಿತೆಯ 356ರಡಿ ಮಾನನಷ್ಟದ ಕೇಸ್ ಬೇರೆ. ಎದುರಿಗಿದ್ದವನು ಉಗ್ರ ಎಂಬ ಕಾರಣಕ್ಕೆ ವಿನಾಯಿತಿ ಎಂದು ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. ಸರ್ವರ್ ಹೊರದೇಶದಲ್ಲಿದ್ದರೆ ಆ ದೇಶದ ಕಾನೂನೂ ಬೆನ್ನು ಹತ್ತಬಹುದು.

"ನನ್ನ ಗುಂಪಿನವರು ಬಾಯಿ ಬಿಡೋದಿಲ್ಲ" ಎನ್ನುವವರಿಗೆ ಲಲ್ಜ್‌ಸೆಕ್ ಎಂಬ ಹ್ಯಾಕರ್ ಗುಂಪಿನ ಕಥೆ ಹೇಳುತ್ತೇನೆ. ಅದರ ನಾಯಕ, ಸಬು ಎಂದು ಹೆಸರಾದವನು, 2011ರ ಜೂನ್‌ನಲ್ಲಿ ಸಿಕ್ಕಿಬಿದ್ದ. ಆಮೇಲೆ ತಿಂಗಳುಗಟ್ಟಲೆ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಗೆ ಮಾಹಿತಿ ಕೊಟ್ಟ. ಅವನನ್ನು ನಂಬಿದ್ದ ಹ್ಯಾಕರ್ ಜೆರೆಮಿ ಹ್ಯಾಮಂಡ್‌ಗೆ 2013ರಲ್ಲಿ 10 ವರ್ಷ ಶಿಕ್ಷೆಯಾಯಿತು.

ದೇಶಕ್ಕಾಗಿ ಶತ್ರು ದೇಶದ ಸೈಟ್ ಹ್ಯಾಕ್ ಮಾಡೋಣ ಅಂತ ಟೆಲಿಗ್ರಾಂ ಗುಂಪಿನಲ್ಲಿ ಕರೆಯುತ್ತಾರೆ. ಸೇರಬಹುದಾ?

ಬೇಡ. 2022ರ ಜೂನ್‌ನಲ್ಲಿ ಡ್ರ್ಯಾಗನ್‌ಫೋರ್ಸ್ ಮಲೇಷ್ಯಾ ಎಂಬ ಗುಂಪು ಭಾರತದ ಮೇಲೆ ಸಿಟ್ಟಾಗಿ ನಮ್ಮ ಜಾಲತಾಣಗಳ ಮೇಲೆ ಬಿತ್ತು. ಅವರು ಕೆಡಿಸಿದ್ದರಲ್ಲಿ ಕೃಷಿ ವಿಸ್ತರಣಾ ಸಂಸ್ಥೆಯದೂ ಇತ್ತು. ರೈತರಿಗೆ ಸಂಬಂಧಿಸಿದ ಸಂಸ್ಥೆ ಅವರಿಗೆ ಏನು ಮಾಡಿತ್ತು? ನಾವು ಅತ್ತ ಕಡೆ ಹ್ಯಾಕ್ ಮಾಡಿದರೂ ಸಿಗುವುದು ಅಂಥವೇ, ಕಾವಲು ಕಡಿಮೆ ಇರುವ ಶಾಲೆ, ಆಸ್ಪತ್ರೆ, ಸಣ್ಣ ಕಚೇರಿ. ಉಗ್ರನ ಕೂದಲೂ ಕೊಂಕುವುದಿಲ್ಲ. ಇನ್ನೊಂದು, ಇಂಥ ಗುಂಪಿನಲ್ಲಿ ಕೊಡುವ ಟೂಲ್ ನಿಮ್ಮ ಫೋನನ್ನೇ ದೋಚುವ ತಂತ್ರಾಂಶವೂ ಆಗಿರಬಹುದು.

ಯಾರನ್ನು ಉಗ್ರರು ಅನ್ನಬೇಕು? ಅವರು ನಮ್ಮವರೇ ಆದರೆ?

ನಿಷೇಧಿತ ಸಂಘಟನೆಗಳ ಪಟ್ಟಿ ಉಗ್ರ ಚಟುವಟಿಕೆ ತಡೆಯುವ ಯುಎಪಿಎ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅದು ಸರ್ಕಾರದ ಅಳತೆ. ದಿನನಿತ್ಯಕ್ಕೆ ನನ್ನ ಅಳತೆ ಸರಳ. ಒಂದು ಜಾತಿ, ಧರ್ಮ, ಭಾಷೆಯ ಜನರನ್ನು ಹೊಡೆಯಿರಿ, ಓಡಿಸಿ, ಕೊಲ್ಲಿ ಎಂದು ಕರೆ ಕೊಡುತ್ತಿದ್ದಾರಾ? ಕೊಂದವನನ್ನು ಮೆರೆಸುತ್ತಿದ್ದಾರಾ? ಹೌದಾದರೆ ಅವರ ಕೈಯಲ್ಲಿ ಯಾವ ಬಣ್ಣದ ಬಾವುಟ ಇದೆ ಎಂದು ನಾನು ನೋಡುವುದಿಲ್ಲ. ಸಿಟ್ಟಿನ ಮಾತು, ಕಟು ಟೀಕೆ, ನಮಗಾಗದ ರಾಜಕೀಯ, ಇವು ಉಗ್ರವಾದ ಅಲ್ಲ. ಈ ಗೆರೆ ಅಳಿಸಿದರೆ ದೊಡ್ಡ ದನಿ ಇದ್ದವರು ಸಣ್ಣ ದನಿಯವರ ಖಾತೆ ಮುಚ್ಚಿಸುವ ಆಟ ಶುರುವಾಗುತ್ತದೆ.

ನಮ್ಮ ಓಣಿಯ, ನಮ್ಮ ಮನೆತನದ ಗುಂಪಿನಲ್ಲೇ ಅಂಥ ಮಾತು ಬಂದಾಗ "ಕಾಕಾ, ಇದನ್ನ ತೆಗೀರಿ" ಎಂದು ಹೇಳುವುದು ಎಲ್ಲಕ್ಕಿಂತ ಕಷ್ಟ. ಅಪರಿಚಿತರ ಸರ್ವರ್ ಮುರಿಯುವುದಕ್ಕಿಂತ ಇದಕ್ಕೆ ಜಾಸ್ತಿ ಧೈರ್ಯ ಬೇಕು.

ಹಾಗಾದರೆ ನಾನು ಏನು ಮಾಡಲಿ?

ಸಾಕ್ಷ್ಯ ಕಾಪಾಡುವುದನ್ನು ಕಲಿಯಿರಿ. ಬಹಳ ಜನ ಕೋಪದಲ್ಲಿ ಮೊದಲು ಬೈಯುತ್ತಾರೆ, ಆತ ಪೋಸ್ಟ್ ಅಳಿಸುತ್ತಾನೆ, ಕೊನೆಗೆ ದೂರು ಕೊಡಲು ಕೈಯಲ್ಲಿ ಏನೂ ಇರುವುದಿಲ್ಲ.

ಪೋಸ್ಟ್ ಕಂಡ ತಕ್ಷಣ ಅದರ ಪೂರ್ತಿ ಲಿಂಕ್ ನಕಲು ಮಾಡಿಟ್ಟುಕೊಳ್ಳಿ. ಖಾತೆಯ ಲಿಂಕ್ ಕೂಡ ಬೇಕು. ಮೇಲೆ ಕಾಣುವ ಹೆಸರನ್ನು ಯಾವಾಗ ಬೇಕಾದರೂ ಬದಲಿಸಬಹುದು. ಸ್ಕ್ರೀನ್‌ಶಾಟ್ ತೆಗೆಯುವಾಗ ದಿನಾಂಕ, ಸಮಯ ಕಾಣಲಿ. ಹಿಂದಿನ ಮುಂದಿನ ಸಂದೇಶಗಳೂ ಬರಲಿ, ಕತ್ತರಿಸಬೇಡಿ. ಕತ್ತರಿಸಿದ ಚಿತ್ರ ಅರ್ಥವನ್ನೇ ಬದಲಿಸಬಲ್ಲದು. ಸ್ಕ್ರೋಲ್ ಮಾಡುತ್ತ ಸ್ಕ್ರೀನ್ ರೆಕಾರ್ಡಿಂಗ್ ಮಾಡಿದರೆ ಇನ್ನೂ ಒಳ್ಳೆಯದು. ವಾಟ್ಸ್‌ಆ್ಯಪ್ ಆದರೆ ಚಾಟ್ ಎಕ್ಸ್‌ಪೋರ್ಟ್ ಮಾಡಿ, ಸಂದೇಶ ಬಂದ ಫೋನನ್ನು ಫಾರ್ಮ್ಯಾಟ್ ಮಾಡಬೇಡಿ.

ಕಂಪ್ಯೂಟರ್ ಸೈನ್ಸ್ ಓದುವವರಿಗೆ ಇಲ್ಲೊಂದು ನಿಜವಾದ ಕೆಲಸ ಇದೆ. ಕಡತ ಸಿಕ್ಕ ಕೂಡಲೇ ಅದರ ಶಾ-256 ಹ್ಯಾಶ್, ಅಂದರೆ ಕಡತದ ಬೆರಳಚ್ಚಿನಂಥ ಒಂದು ಸಂಕೇತ, ತೆಗೆದು ಬರೆದಿಡಿ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್, ಲಿನಕ್ಸ್‌ನಲ್ಲಿ ಶಾ256ಸಮ್ ಆಜ್ಞೆ ಸಾಕು. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಹ್ಯಾಶ್ ಬದಲಾಗುತ್ತದೆ. ಹಾಗಾಗಿ ನೀವು ತಿದ್ದಿಲ್ಲ ಎಂದು ತೋರಿಸಬಹುದು. ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರಂತೆ ಡಿಜಿಟಲ್ ಸಾಕ್ಷ್ಯದ ಜೊತೆ ಪ್ರಮಾಣಪತ್ರ ಬೇಕು, ಅದರ ನಮೂನೆಯಲ್ಲಿ ಹ್ಯಾಶ್ ಬರೆಯಲು ಜಾಗವನ್ನೇ ಕೊಟ್ಟಿದ್ದಾರೆ.

"ಎಂಥಾ ನೀಚ ನೋಡ್ರಿ" ಅಂತ ಆ ಪೋಸ್ಟನ್ನು ನಾಲ್ಕು ಗುಂಪಿಗೆ ಕಳಿಸಬೇಡಿ. ಅವರಿಗೆ ಬೇಕಾಗಿದ್ದೂ ಅದೇ. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಮಸೀದಿಗಳ ಮೇಲೆ ದಾಳಿಯಾಗಿ 51 ಜನ ಸತ್ತರು. ಕೊಲೆಗಾರ ಅದನ್ನು ನೇರ ಪ್ರಸಾರ ಮಾಡಿದ. ಮೊದಲ 24 ಗಂಟೆಯಲ್ಲಿ ಫೇಸ್‌ಬುಕ್ ಆ ವಿಡಿಯೊದ 15 ಲಕ್ಷ ಪ್ರತಿ ತೆಗೆಯಬೇಕಾಯಿತು. ಅಷ್ಟೊಂದು ಪ್ರತಿ ಹಾಕಿದವನು ಅವನೊಬ್ಬನೇ ಅಲ್ಲವಲ್ಲ.

ರಿಪೋರ್ಟ್ ಒತ್ತಿದರೆ ಏನೂ ಆಗುವುದಿಲ್ಲ ಸರ್, ಸುಮ್ನೆ ಟೈಮ್ ವೇಸ್ಟ್.

ಬೇಸರ ನ್ಯಾಯವೇ. ಕನ್ನಡದಲ್ಲಿ, ಅದರಲ್ಲೂ ನಮ್ಮ ಕಡೆಯ ಮಾತಿನಲ್ಲಿ ಬರೆದ ಬೆದರಿಕೆ ಯಂತ್ರಕ್ಕೆ ಅಷ್ಟು ಸುಲಭವಾಗಿ ತಿಳಿಯುವುದಿಲ್ಲ. ಹಾಗಾಗಿ ರಿಪೋರ್ಟ್ ಮಾಡುವಾಗ ಸರಿಯಾದ ವಿಭಾಗ ಆರಿಸಿ. "ಇಷ್ಟ ಇಲ್ಲ" ಅಲ್ಲ, "ಹಿಂಸೆಗೆ ಪ್ರಚೋದನೆ". ವಿವರ ಬರೆಯಲು ಜಾಗ ಇದ್ದರೆ ಆ ಮಾತಿನ ಅರ್ಥ ಬಿಡಿಸಿ ಬರೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ರಿಪೋರ್ಟ್ ಮಾಡಿದರೆ ಕೊನೆಯ 5 ಸಂದೇಶ ಕಂಪನಿಗೆ ಹೋಗುತ್ತವೆ, ತಡಮಾಡಿದರೆ ಬೇಕಾದದ್ದು ಹಿಂದೆ ಸರಿದಿರುತ್ತದೆ.

2021ರ ಐಟಿ ನಿಯಮಗಳ ಪ್ರಕಾರ ಕಂಪನಿಗಳು ಕುಂದುಕೊರತೆ ಅಧಿಕಾರಿಯನ್ನು ಇಡಲೇಬೇಕು. ಅವರಿಗೆ ಲಿಖಿತ ದೂರು ಕಳಿಸಿ. ಉತ್ತರ ಸಮಾಧಾನ ತರದಿದ್ದರೆ 30 ದಿನದೊಳಗೆ ಗ್ರೀವೆನ್ಸ್ ಅಪೆಲೇಟ್ ಕಮಿಟಿಗೆ ಆನ್‌ಲೈನ್ ಮೇಲ್ಮನವಿ ಹಾಕಬಹುದು. ಈ ಕಮಿಟಿಗಳನ್ನು ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ರಚಿಸಿತು. ನಮ್ಮ ಕಡೆಯವರು ಇದನ್ನು ಬಳಸುವುದು ತೀರಾ ಕಡಿಮೆ.

ಸುಳ್ಳು ಹೆಸರಿನಲ್ಲಿ ಅವರ ಗುಂಪು ಸೇರಿ ಒಳಗಿನ ಸುದ್ದಿ ತರಬಹುದಾ?

ವಿದ್ಯಾರ್ಥಿಗಳು ಮಾಡಲೇಬಾರದು. ಆ ಗುಂಪಿನ ಮೇಲೆ ಕೇಸ್ ಬಿದ್ದ ದಿನ ಸದಸ್ಯರ ಪಟ್ಟಿಯಲ್ಲಿ ನಿಮ್ಮ ನಂಬರೂ ಇರುತ್ತದೆ. ನೀವು ಒಳ್ಳೆಯ ಉದ್ದೇಶಕ್ಕೆ ಸೇರಿದ್ದು ಎಂದು ಸಾಬೀತು ಮಾಡಲು ವರ್ಷಗಳೇ ಬೇಕಾಗಬಹುದು. ಅವರಿಗೆ ನೀವು ಯಾರೆಂದು ಗೊತ್ತಾದರೆ ಅಪಾಯ ಬೇರೆ ತೆರನಾದದ್ದು. ದಿನಗಟ್ಟಲೆ ರಕ್ತ, ಕೊಲೆಯ ವಿಡಿಯೊ ನೋಡುತ್ತ ಕೂತವರ ನಿದ್ದೆ ಕೆಡುತ್ತದೆ, ಮನಸ್ಸು ಮರಗಟ್ಟುತ್ತದೆ. ನಿಮಗೇ ಯಾರಾದರೂ ಸೇರಿಸಿದ್ದರೆ ಸಾಕ್ಷ್ಯ ತೆಗೆದುಕೊಂಡು ಹೊರಬನ್ನಿ, ಪೊಲೀಸರಿಗೆ ತಿಳಿಸಿ.

ನನ್ನ ತಮ್ಮ ಇಂಥ ಗುಂಪುಗಳಲ್ಲೇ ಇರುತ್ತಾನೆ. ಅವನ ಫೋನ್ ಹ್ಯಾಕ್ ಮಾಡಿ ನೋಡಲಾ?

ಅಕ್ಕಂದಿರು, ಅಣ್ಣಂದಿರು ಈ ಪ್ರಶ್ನೆಯನ್ನು ಎಲ್ಲರ ಮುಂದೆ ಕೇಳುವುದಿಲ್ಲ. ಎಲ್ಲರೂ ಹೋದ ಮೇಲೆ ಹತ್ತಿರ ಬಂದು ಕೇಳುತ್ತಾರೆ.

ಹ್ಯಾಕ್ ಮಾಡಬೇಡಿ. ಅವನಿಗೆ ಗೊತ್ತಾದ ದಿನ ಮನೆಯಲ್ಲಿ ಅವನು ನಂಬುವ ಕೊನೆಯ ವ್ಯಕ್ತಿಯನ್ನೂ ಕಳೆದುಕೊಳ್ಳುತ್ತಾನೆ. ಆ ಜಾಗವನ್ನು ತುಂಬಲು ಆ ಗುಂಪಿನ "ಅಣ್ಣ" ಕಾಯುತ್ತಿರುತ್ತಾನೆ. ಹುಡುಗರು ಅಲ್ಲಿಗೆ ಹೋಗುವುದು ಬಹಳ ಸಲ ಸಿದ್ಧಾಂತ ಓದಿ ಅಲ್ಲ. ಕೆಲಸ ಇಲ್ಲ, ಮನೆಯಲ್ಲಿ ಬೈಗುಳ, ಎಲ್ಲೋ ಆದ ಅವಮಾನ. ಅಲ್ಲಿ ಯಾರೋ ಒಬ್ಬ "ನೀನು ಹುಲಿ" ಎನ್ನುತ್ತಾನೆ. ಅವನ ವಾದ ಸುಳ್ಳು ಎಂದು ಮೊದಲ ದಿನವೇ ಸಾಬೀತು ಮಾಡಲು ಹೋಗಬೇಡಿ. ಜೊತೆಗೆ ಊಟಕ್ಕೆ ಕೂರಿ, ಏನು ನೋವಾಗಿದೆ ಕೇಳಿ, ಹಳೆಯ ಗೆಳೆಯರನ್ನು ಮನೆಗೆ ಕರೆಯಿರಿ. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಆದರೆ ಆಯುಧ, ದಾಳಿಯ ದಿನ, ಜಾಗದ ಮಾತು ಕಿವಿಗೆ ಬಿದ್ದರೆ ಕಾಯಬೇಡಿ. ಆಗ ಪೊಲೀಸರಿಗೆ ಹೇಳುವುದೇ ಅವನನ್ನು ಉಳಿಸುವ ದಾರಿ.

ಈ ಆಸಕ್ತಿಯನ್ನೇ ವೃತ್ತಿ ಮಾಡಿಕೊಳ್ಳಬಹುದಾ?

ಖಂಡಿತ. ಅನುಮತಿ ಪಡೆದು ದೋಷ ಹುಡುಕುವವರಿಗೆ ಕಂಪನಿಗಳು ಬಹುಮಾನ ಕೊಡುತ್ತವೆ. ಸರ್ಕಾರಿ ತಾಣದಲ್ಲಿ ದೋಷ ಕಂಡರೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬಹುದು. ಡಿಜಿಟಲ್ ಫೊರೆನ್ಸಿಕ್ಸ್ ಕಲಿಯಿರಿ, ಅದಕ್ಕೆ ಜನ ಬೇಕಾಗಿದ್ದಾರೆ. ಧಾರವಾಡದಲ್ಲಿ ಐಐಟಿ, ಐಐಐಟಿ ಎರಡೂ ಇವೆ, ಹುಬ್ಬಳ್ಳಿಯ ನವನಗರದಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇದೆ. ಕೋಡ್ ಬಲ್ಲ ಹುಡುಗಿ, ಕಾನೂನು ಬಲ್ಲ ಹುಡುಗ ಒಂದೇ ಮೇಜಿಗೆ ಕೂತು ಒಂದು ದ್ವೇಷದ ಪ್ರಕರಣದ ಸಾಕ್ಷ್ಯ ಜೋಡಿಸುವುದನ್ನು ನೋಡಬೇಕು ಎಂದು ನನಗೆ ಬಹಳ ಆಸೆ. ಇಂಥ ಅವಳಿ ನಗರ ಬೇರೆ ಎಲ್ಲಿದೆ?

ದೂರು ಎಲ್ಲಿ ಕೊಡಬೇಕು?

ಹುಬ್ಬಳ್ಳಿ–ಧಾರವಾಡ ಕಮಿಷನರೇಟ್‌ನಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು) ಅಪರಾಧ ಠಾಣೆ ಇದೆ. ಗದಗ, ಹಾವೇರಿ ಜಿಲ್ಲೆಗಳಲ್ಲೂ ಸಿಇಎನ್ ಠಾಣೆಗಳಿವೆ. ಅಷ್ಟು ದೂರ ಹೋಗಲಾಗದಿದ್ದರೆ ಹತ್ತಿರದ ಯಾವುದೇ ಠಾಣೆಗೆ ಹೋಗಿ. "ನಮ್ಮ ಸರಹದ್ದು ಅಲ್ಲ" ಎಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173ರ ಹೆಸರು ಹೇಳಿ. ಸರಹದ್ದು ಯಾವುದೇ ಇರಲಿ, ಗಂಭೀರ ಅಪರಾಧದ ಮಾಹಿತಿ ದಾಖಲಿಸಿಕೊಳ್ಳಬೇಕು. ಆನ್‌ಲೈನ್ ಮೂಲಕವೂ ಮಾಹಿತಿ ಕೊಡಬಹುದು, 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಹಾಕಲು ಬರುತ್ತದೆ. 1930 ಮುಖ್ಯವಾಗಿ ದುಡ್ಡು ಹೋದಾಗ ಕರೆ ಮಾಡುವ ಸಂಖ್ಯೆ. ಈಗಲೇ ಎಲ್ಲೋ ಹಿಂಸೆ ಆಗಬಹುದು ಅನ್ನಿಸಿದರೆ 112.

ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಜನರ ನಡುವೆ ದ್ವೇಷ ಹಚ್ಚುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 196 ಇದೆ. ದೂರಿನಲ್ಲಿ ಅದನ್ನು ಬರೆಯಿರಿ. ಲಿಂಕ್‌ಗಳನ್ನು ಪೆನ್‌ಡ್ರೈವ್‌ನಲ್ಲೂ ಕಾಗದದಲ್ಲೂ ಕೊಡಿ, ಹ್ಯಾಶ್ ಬರೆದ ಹಾಳೆ ಜೊತೆಗಿರಲಿ. ಸ್ವೀಕೃತಿ ಪಡೆಯದೆ ಠಾಣೆಯಿಂದ ಏಳಬೇಡಿ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ಮನೆಯ ಹಿರಿಯರನ್ನೋ ಪಾಠ ಹೇಳುವ ಮೇಷ್ಟ್ರನ್ನೋ ಜೊತೆಗೆ ಕರೆದುಕೊಂಡು ಹೋಗಿ.